ನಿಮಗಿದು ಗೊತ್ತೇ? ಕುಮಟಗಿ ಕೆರೆಯೂ ಮುತ್ತಲ ಹೂವೂ

ಮೋರಟಗಿಯಿಂದ ಸಿಂದಗಿ ದಾಟಿ ವಿಜಯಪುರದ ಹಾದಿ ಹಿಡಿದರೆ, ನಗರ ಸೇರುವ ಮುಂಚೆ ಕುಮಟಗಿ ಸಿಗುತ್ತದೆ. ಗೋಳಗುಮ್ಮಟ ನೋಡುವ ಅವಸರದಲ್ಲಿ ಇಲ್ಲಿ ಇಳಿಯುವವರು ಕಡಿಮೆ. ಇಲ್ಲಿನ ಕೆರೆಯ ಮಗ್ಗುಲಲ್ಲೇ ಆದಿಲ್‌ಶಾಹಿ ಸುಲ್ತಾನರು ಬೇಸಿಗೆಯ ವಿಹಾರಕ್ಕೆ ಕಟ್ಟಿಸಿದ ಜಲಮಂಟಪಗಳಿವೆ!

◆ ನೀರನ್ನು ಎತ್ತರದ ತೊಟ್ಟಿಗೇರಿಸಿ ಕೊಳವೆಗಳಲ್ಲಿ ಇಳಿಬಿಡುತ್ತಿದ್ದರು. ಆ ಒತ್ತಡಕ್ಕೇ ಕಾರಂಜಿ ಚಿಮ್ಮುತ್ತಿತ್ತು, ಚಾವಣಿಯಿಂದ ತುಂತುರು ಸುರಿಯುತ್ತಿತ್ತು. ವಿದ್ಯುತ್ತಿನ ಹೆಸರೇ ಇಲ್ಲದ ಕಾಲದ ಮಾತಿದು.

◆ ಮಂಟಪದ ಗೋಡೆಗಳಲ್ಲಿ ವರ್ಣಚಿತ್ರಗಳಿವೆ. ಕುದುರೆಯೇರಿ ಚೌಗಾನ್ ಆಡುವವರು (ಇಂದಿನ ಪೋಲೊ), ಪಟ್ಟು ಹಾಕಿದ ಪೈಲ್ವಾನರು, ಯುರೋಪಿನ ಉಡುಪು ತೊಟ್ಟವರು. ಹೆನ್ರಿ ಕಸಿನ್ಸ್ 1916ರಲ್ಲಿ ಪ್ರಕಟವಾದ ತಮ್ಮ ವಿಜಾಪುರದ ವಾಸ್ತುಶಿಲ್ಪ ಗ್ರಂಥದಲ್ಲಿ ಕುಮಟಗಿಗೂ ಜಾಗ ಕೊಟ್ಟರು. ಕುಸ್ತಿ ಎಂದರೆ ಊಟ ಬಿಟ್ಟು ಓಡುವ ನಮ್ಮ ಸೀಮೆಯ ಹುಡುಗರು ಆ ಪೈಲ್ವಾನರನ್ನು ಒಮ್ಮೆಯಾದರೂ ನೋಡಬೇಕು.

◆ ವಿಜಯಪುರದ ಬೇಗಂ ತಾಲಾಬ್ 1651ರದು, ಮುಹಮ್ಮದ್ ಆದಿಲ್ ಶಾ ಕಾಲದ್ದು. ಅಲ್ಲಿಂದ ನಗರಕ್ಕೆ ನೀರು ಹರಿದದ್ದು ಸುಟ್ಟ ಮಣ್ಣಿನ ಕೊಳವೆಗಳಲ್ಲಿ. ಒತ್ತಡಕ್ಕೆ ಅವು ಒಡೆಯದಿರಲೆಂದು ದಾರಿಯುದ್ದಕ್ಕೂ ‘ಗಂಜ್’ ಎಂಬ ಗೋಪುರಗಳನ್ನು ಕಟ್ಟಿದ್ದರು.

◆ ಎರಡನೇ ಇಬ್ರಾಹಿಂ ಆದಿಲ್ ಶಾ ಹಾಡು, ವೀಣೆಗೆ ಮನಸೋತವನೆಂದು ಎಲ್ಲರಿಗೂ ಗೊತ್ತು. ಅವನ ಆಸ್ಥಾನದಲ್ಲಿ ಸುಗಂಧದ ಮೇಲೂ ಒಂದು ಗ್ರಂಥ ರಚನೆಯಾಯಿತು: ‘ಇತ್ರ್-ಎ-ನೌರಸ್ ಶಾಹಿ’.

◆ ಏಪ್ರಿಲ್-ಮೇ ಬಂತೆಂದರೆ ಉದ್ಯಾನಗಳನ್ನೆಲ್ಲ ಕೆಂಪಾಗಿಸುವ ಗುಲ್‌ಮೊಹರ್ ಆ ಸುಲ್ತಾನರ ಕಣ್ಣಿಗೆ ಬಿದ್ದಿರಲಾರದು. ಅದರ ತವರು ಮಡಗಾಸ್ಕರ್. ಸಸ್ಯಶಾಸ್ತ್ರಜ್ಞ ಬೋಯರ್ ಅದನ್ನು ಕಂಡದ್ದೇ 1820ರ ದಶಕದಲ್ಲಿ. ಹೂವನ್ನು ಕೈಗೆತ್ತಿಕೊಂಡು ನೋಡಿ: ಐದು ಎಸಳಲ್ಲಿ ಒಂದಕ್ಕೆ ಮಾತ್ರ ಬಿಳಿ-ಹಳದಿ ಚುಕ್ಕೆ.

◆ ಈ ನೆಲದ ನಿಜವಾದ ವಸಂತದ ಹೂವು ಮುತ್ತಲ. ಎಲೆ ಉದುರಿಸಿ ಬರಿಗೊಂಬೆಯಲ್ಲಿ ಬೆಂಕಿಬಣ್ಣ ತೊಡುತ್ತದೆ. ಮೈನಾ, ಸೂರಕ್ಕಿಗಳು ಮಕರಂದಕ್ಕೆ ಮುತ್ತುತ್ತವೆ, ಪರಾಗ ಹೊತ್ತೊಯ್ಯುತ್ತವೆ. ಓಕುಳಿಗೆ ಹಿಂದೆ ಇದೇ ಹೂವಿನ ಬಣ್ಣ. ಊಟಕ್ಕೆ ಇದರೆಲೆಯ ಪತ್ರಾವಳಿ.

◆ ಬೇವು ಹೂಬಿಡುವುದು ಯುಗಾದಿಯ ಆಸುಪಾಸಿನಲ್ಲಿ. ನಮ್ಮ ಕಡೆ ಬೇವು-ಬೆಲ್ಲ ತಿನ್ನುವುದಲ್ಲ, ಬೇವು ಕುಡಿಯುವುದು: ಬೇವಿನ ಹೂ, ಬೆಲ್ಲ, ಪುಠಾಣಿ, ಹುಣಸೆ, ಒಣಹಣ್ಣು ಕಲಸಿದ ಪಾನಕ.

ಕುಮಟಗಿಗೆ ಹೋದಾಗ ಒಂದು ಮಾತು ನೆನಪಿರಲಿ. ಉಳಿದಿರುವ ಚಿತ್ರಗಳೇ ಮಸುಕು. ಅವುಗಳ ಮೇಲೆ ಹೆಸರು ಗೀಚಬೇಡಿ, ಕೈಯಿಂದ ಮುಟ್ಟಲೂಬೇಡಿ. ನಿಮ್ಮೂರ ಕೆರೆಯ ಏರಿಯ ಕೆಳಗೆ ಜಾಗವಿದ್ದರೆ ಈ ಮಳೆಗಾಲ ಒಂದು ಮುತ್ತಲ ಸಸಿ ನೆಡಿ.