ನಿದ್ದೆಯಿಂದ ಎದ್ದ ಲ್ಯಾಪ್‌ಟಾಪಿಗೆ ಗುರುತು ಸಿಗದಾಗ

ಆಸ್ಪತ್ರೆಯ ಫಾರ್ಮಸಿ ಕೌಂಟರಿನ ಹಿಂದೆ ನಿಂತು ನಮಗೆ ಇಪ್ಪತ್ತು ವರ್ಷ ದಾಟಿತು. ಓದಿದ್ದು ಡಿ.ಫಾರ್ಮಾ. ಕಂಪ್ಯೂಟರ್ ವಿದ್ಯೆ ಕಲಿತವರು ನಾವಲ್ಲ. ಆದರೂ ಈ ಸಲದ ಸಂಚಿಕೆಗೆ ಗುಳಿಗೆ, ಟಾನಿಕ್ಕುಗಳನ್ನು ಬಿಟ್ಟು ಲ್ಯಾಪ್‌ಟಾಪಿನ ಬಗ್ಗೆ ಬರೆಯಲು ಕೂತಿದ್ದೇವೆ. ಊರು ಒಂದು ಕಡೆ, ನಾವು ಒಂದು ಕಡೆ, ಒಡಹುಟ್ಟಿದವರು ಮತ್ತೊಂದು ಕಡೆ ಇರುವ ಸಂಸಾರಗಳಿಗೆ ಈ ಪೆಟ್ಟಿಗೆಯೇ ಈಗ ಮನೆಯ ಜಗಲಿ. ಅದು ಕೈಕೊಟ್ಟರೆ ಏನಾಗುತ್ತದೆ ಎಂಬುದನ್ನು ನಾವು ಒಂದು ಸಂಜೆ ಕಂಡೆವು.

ಸಂಜೆ ನಾಲ್ಕೂವರೆಯ ಹತ್ತು ನಿಮಿಷ

ಅಮ್ಮ ಊರಿನ ಮನೆಯ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಿದ್ದರು. ತಮ್ಮ ಅವರನ್ನು ಮಂಗಳೂರಿಗೆ ಕರೆತಂದು ಆಸ್ಪತ್ರೆಗೆ ಸೇರಿಸಿದ್ದ. ಸಂಜೆ ನಾಲ್ಕೂವರೆಗೆ ಹತ್ತು ನಿಮಿಷ ಬಿಡುವು ಮಾಡಿಕೊಂಡು ನಿಮ್ಮೆಲ್ಲರ ಜೊತೆ ಮಾತಾಡುತ್ತೇನೆ ಎಂದು ಡಾಕ್ಟರು ಹೇಳಿದ್ದರು. ಜುಲೈ ತಿಂಗಳು. ಆಗ ನಮ್ಮಲ್ಲಿ ಮಧ್ಯಾಹ್ನ ಮೂರು, ಸಿಡ್ನಿಯಲ್ಲಿರುವ ತಂಗಿಗೂ ಮೆಲ್ಬರ್ನಿನಲ್ಲಿ ಓದುತ್ತಿರುವ ಮಗಳಿಗೂ ರಾತ್ರಿ ಒಂಬತ್ತು.

ಅಮ್ಮ ಅದಕ್ಕೂ ಮೊದಲು ಮೂರು ತಿಂಗಳು ಸಿಡ್ನಿಯಲ್ಲಿದ್ದು ಬಂದಿದ್ದರು. ಅಲ್ಲಿನ ಡಾಕ್ಟರು ಅವರ ಹೃದಯದ ಮಾತ್ರೆಗಳನ್ನು ಬದಲಾಯಿಸಿದ್ದರು. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆ ಯಾವುದು, ಎಷ್ಟು ಮಿಲಿಗ್ರಾಂ ಎಂಬ ಕಾಗದವನ್ನು ತಂಗಿ ಸ್ಕ್ಯಾನ್ ಮಾಡಿ ತನ್ನ ಲ್ಯಾಪ್‌ಟಾಪಿನಲ್ಲಿ ಇಟ್ಟಿದ್ದಳು. ಅರಿವಳಿಕೆ ಯಾವ ಬಗೆಯದು ಕೊಡಬೇಕು, ಯಾವಾಗ ಕೊಡಬೇಕು ಎಂದು ತೀರ್ಮಾನಿಸಲು ಆ ವಿವರ ಬೇಕೇ ಬೇಕು. ಅಮ್ಮನನ್ನು ಕೇಳಿದರೆ ‘ಸಿಡ್ನಿಯ ಬಿಳಿ ಗುಳಿಗೆ’ ಎಂದಷ್ಟೇ ಹೇಳುತ್ತಿದ್ದರು. ಮನೆಗೆ ಬೀಗ ಹಾಕಿ ಅವಸರದಲ್ಲಿ ಹೊರಟ ತಮ್ಮನಿಗೆ ಮಾತ್ರೆಯ ಡಬ್ಬಿ ತರಲು ನೆನಪಾಗಿರಲಿಲ್ಲ.

ತಂಗಿ ಕೆಲಸ ಮುಗಿಸಿ ಮುಚ್ಚಿಟ್ಟಿದ್ದ ಲ್ಯಾಪ್‌ಟಾಪನ್ನು ಒಂಬತ್ತಕ್ಕೆ ಐದು ನಿಮಿಷವಿರುವಾಗ ತೆರೆದಳು. ವೈಫೈ ಗುರುತೇ ಇಲ್ಲ. ಬ್ಲೂಟೂತ್ ಹೆಡ್‌ಫೋನ್ ಸಿಗುತ್ತಿಲ್ಲ. ರೀಸ್ಟಾರ್ಟ್ ಕೊಟ್ಟರೆ ಬಾಕಿಯಿದ್ದ ಅಪ್‌ಡೇಟ್ ಶುರುವಾಯಿತು. ಅವಳು ಫೋನಿನಿಂದ ನಮ್ಮ ಜೊತೆ ಸೇರುವಷ್ಟರಲ್ಲಿ ಡಾಕ್ಟರು ಬೇರೆ ರೋಗಿಯ ಕಡೆ ಹೋಗಿಯಾಗಿತ್ತು. ಮಾತ್ರೆಯ ವಿವರ ಅವರ ಕೈಸೇರಿದ್ದು ರಾತ್ರಿ. ಮರುದಿನ ಬೆಳಿಗ್ಗೆ ಆಗಬೇಕಿದ್ದ ಶಸ್ತ್ರಚಿಕಿತ್ಸೆ ಒಂದು ದಿನ ಮುಂದಕ್ಕೆ ಹೋಯಿತು. ಮುರಿದ ಮೂಳೆಯ ನೋವಿನಲ್ಲಿ ಅಮ್ಮ ಇನ್ನೊಂದು ರಾತ್ರಿ ಮಲಗಬೇಕಾಯಿತು.

ಆಮೇಲೆ ಯೋಚಿಸಿದಾಗ ಹೊಳೆದ ಸಂಗತಿ ಇನ್ನೂ ಚುಚ್ಚುತ್ತದೆ. ಕಾಗದ ಲ್ಯಾಪ್‌ಟಾಪಿನ ಒಳಗೇ ಇತ್ತು. ಅದನ್ನು ತೆರೆಯಲು ವೈಫೈ ಬೇಕಿರಲಿಲ್ಲ. ರೀಸ್ಟಾರ್ಟ್ ಒತ್ತದೆ, ಫೈಲು ತೆರೆದು, ಫೋನಿನಲ್ಲಿ ಓದಿ ಹೇಳಿದ್ದರೆ ಎರಡೇ ನಿಮಿಷದ ಕೆಲಸ. ನಾಲ್ಕು ಕಡೆ ಇದ್ದ ನಮ್ಮಲ್ಲಿ ಒಬ್ಬರಿಗೂ ಅದು ತೋಚಲಿಲ್ಲ. ದಿನವೂ ಔಷಧದ ಚೀಟಿ ಓದುವ ನಮಗೇ ತೋಚಲಿಲ್ಲ!

ನಿದ್ದೆಯಲ್ಲಿ ಏನಾಗುತ್ತದೆ?

ಮುಚ್ಚಳ ಮುಚ್ಚಿದಾಗ ಲ್ಯಾಪ್‌ಟಾಪ್ ಸಾಮಾನ್ಯವಾಗಿ ಆಫ್ ಆಗುವುದಿಲ್ಲ, ನಿದ್ದೆಗೆ ಜಾರುತ್ತದೆ. ತೆರೆದಿಟ್ಟ ಕೆಲಸ ಮರೆಯದಂತೆ ಮೆಮೊರಿಗೆ ಚೂರು ವಿದ್ಯುತ್ ಉಳಿಸಿ, ಉಳಿದ ಭಾಗಗಳಿಗೆ ಪೂರೈಕೆ ಕಡಿತ ಮಾಡುತ್ತದೆ. ವೈಫೈ ಮತ್ತು ಬ್ಲೂಟೂತಿನ ಕಾರ್ಡ್ ಕೂಡ ಹಾಗೆ ಮಲಗುವ ಭಾಗಗಳಲ್ಲಿ ಒಂದು. ಎಚ್ಚರವಾದಾಗ ಅದನ್ನು ಎಬ್ಬಿಸಿ ಕೆಲಸಕ್ಕೆ ಹಚ್ಚುವುದು ಡ್ರೈವರ್ ಎಂಬ ಪುಟ್ಟ ತಂತ್ರಾಂಶ. ಈ ಡ್ರೈವರ್ ತಪ್ಪಿದರೆ ಕಾರ್ಡ್ ಇದ್ದೂ ಇಲ್ಲದಂತೆ.

ಇನ್ನೊಂದು ವಿಷಯ ತಿಳಿದಿರಲಿ. ಅನೇಕ ಲ್ಯಾಪ್‌ಟಾಪುಗಳಲ್ಲಿ ವೈಫೈ, ಬ್ಲೂಟೂತ್ ಎರಡೂ ಒಂದೇ ಸಣ್ಣ ಕಾರ್ಡಿನಲ್ಲಿರುತ್ತವೆ. ಎರಡೂ ಒಟ್ಟಿಗೆ ಮಾಯವಾದರೆ ಆ ಕಾರ್ಡ್ ಅಥವಾ ಅದರ ಡ್ರೈವರಿನ ಮೇಲೆ ಅನುಮಾನ ಪಡಬೇಕು. ಹೆಡ್‌ಫೋನ್ ಒಂದೇ ಸಿಗದಿದ್ದರೆ ಮೊದಲು ಹೆಡ್‌ಫೋನನ್ನೇ ನೋಡಬೇಕು.

ಮೊದಲು ಕಥೆ ಕೇಳಿ, ಆಮೇಲೆ ಮದ್ದು

ಕೌಂಟರಿಗೆ ಬಂದು ‘ಹೊಟ್ಟೆನೋವಿಗೆ ಏನಾದರೂ ಕೊಡಿ’ ಎಂದವರಿಗೆ ನಾವು ಕೂಡಲೇ ಗುಳಿಗೆ ಕೊಡುವುದಿಲ್ಲ. ಯಾವಾಗಿನಿಂದ, ಏನು ತಿಂದಿರಿ, ಬೇರೆ ಯಾವ ಮಾತ್ರೆ ತೆಗೆದುಕೊಳ್ಳುತ್ತಿದ್ದೀರಿ ಎಂದು ಕೇಳುತ್ತೇವೆ. ಲ್ಯಾಪ್‌ಟಾಪಿಗೂ ಮೂರು ಪ್ರಶ್ನೆ ಸಾಕು. ತೊಂದರೆ ನಿದ್ದೆಯ ನಂತರ ಮಾತ್ರವೋ, ರೀಸ್ಟಾರ್ಟ್ ಮಾಡಿದ ಮೇಲೂ ಇದೆಯೋ? ಒಂದೇ ಸಾಧನಕ್ಕೋ, ಎಲ್ಲಕ್ಕೂ ಇದೆಯೋ? ಅದೇ ಹೆಡ್‌ಫೋನ್ ಅಥವಾ ಅದೇ ವೈಫೈ ಫೋನಿನಲ್ಲಿ ಕೆಲಸ ಮಾಡುತ್ತದೆಯೋ? ಈ ಮೂರಕ್ಕೆ ಉತ್ತರ ಬರೆದುಕೊಂಡರೆ ಅರ್ಧ ದಾರಿ ಸವೆದಂತೆ.

ಸಿಡ್ನಿ: ಒಂದು ಸಲಕ್ಕೆ ಒಂದೇ ಮದ್ದು

ಅಮ್ಮ ವಾಕರ್ ಹಿಡಿದು ನಡೆಯುವಂತಾದ ಮೇಲೆ, ನಮ್ಮ ಮುಂದಿನ ರಜೆಯಲ್ಲಿ ಊರಿಗೆ ಹೋಗಿ ಅವರನ್ನು ನೋಡಿ, ಅಲ್ಲಿಂದ ಸಿಡ್ನಿಗೆ ಹೋದೆವು. ತಂಗಿಯ ಮನೆ ಪಶ್ಚಿಮ ಸಿಡ್ನಿಯ ವೆಸ್ಟ್‌ಮೀಡಿನಲ್ಲಿ. ಹೋದ ದಿನವೇ ಅವಳೆಂದಳು: “ಅಣ್ಣಾ, ಅದಿನ್ನೂ ಹಾಗೇ ಇದೆ. ದಿನಾ ರಾತ್ರಿ ಶಟ್ ಡೌನ್ ಮಾಡಿದರೂ ಸರಿಹೋಗಲಿಲ್ಲ.”

ಶಟ್ ಡೌನ್ ಮಾಡಿದರೂ ಏಕೆ ಸರಿಹೋಗಲಿಲ್ಲ? ಇದು ಹಲವರಿಗೆ ಗೊತ್ತಿಲ್ಲ. ವಿಂಡೋಸ್ ಲ್ಯಾಪ್‌ಟಾಪುಗಳಲ್ಲಿ ಫಾಸ್ಟ್ ಸ್ಟಾರ್ಟ್‌ಅಪ್ ಎಂಬ ಏರ್ಪಾಡು ಚಾಲೂ ಇದ್ದರೆ, ಶಟ್ ಡೌನ್ ಒತ್ತಿದಾಗ ವ್ಯವಸ್ಥೆಯ ಒಳಭಾಗ ಮತ್ತು ಡ್ರೈವರುಗಳ ಸ್ಥಿತಿ ಡಿಸ್ಕಿನಲ್ಲಿ ಉಳಿದು, ಮರುದಿನ ಅದೇ ಸ್ಥಿತಿ ಮರಳಿ ಬರುತ್ತದೆ. ರೀಸ್ಟಾರ್ಟ್ ಮಾಡಿದಾಗ ಮಾತ್ರ ಎಲ್ಲವೂ ಹೊಸದಾಗಿ ಶುರುವಾಗುತ್ತದೆ. ಆದ್ದರಿಂದ ಇಂಥ ತೊಂದರೆಗೆ ಶಟ್ ಡೌನ್‌ಗಿಂತ ರೀಸ್ಟಾರ್ಟ್ ಒಳ್ಳೆಯದು.

ಒಂದು ನೋಟ್‌ಬುಕ್ ಇಟ್ಟುಕೊಂಡು ಕೂತೆವು. ಹೊಸ ಮಾತ್ರೆಗಳನ್ನು ನಾಲ್ಕು ಒಟ್ಟಿಗೆ ಕೊಟ್ಟರೆ ಗುಣ ಬಂದದ್ದು ಯಾವುದರಿಂದ, ಮೈ ಮೇಲೆ ದದ್ದು ಎದ್ದದ್ದು ಯಾವುದರಿಂದ ಎಂದು ತಿಳಿಯದು. ಇಲ್ಲಿಯೂ ಅದೇ ನಿಯಮ ಪಾಲಿಸಿದೆವು.

ಮೊದಲ ದಿನ ಡಿವೈಸ್ ಮ್ಯಾನೇಜರ್ ತೆರೆದು, ನೆಟ್‌ವರ್ಕ್ ಅಡಾಪ್ಟರ್ಸ್ ಅಡಿಯಲ್ಲಿ ವೈಫೈ ಕಾರ್ಡಿನ ಹೆಸರಿನ ಮೇಲೆ ಎರಡು ಸಲ ಒತ್ತಿ, ಪವರ್ ಮ್ಯಾನೇಜ್‌ಮೆಂಟ್ ಪುಟಕ್ಕೆ ಹೋದೆವು. ವಿದ್ಯುತ್ ಉಳಿಸಲು ಈ ಸಾಧನವನ್ನು ಆರಿಸಲು ಕಂಪ್ಯೂಟರಿಗೆ ಅನುಮತಿ ಇದೆ ಎಂಬ ಸಾಲಿನ ಮುಂದಿನ ಟಿಕ್ ತೆಗೆದೆವು. ಕೆಲವು ಹೊಸ ಲ್ಯಾಪ್‌ಟಾಪುಗಳಲ್ಲಿ ಈ ಪುಟವೇ ಇರುವುದಿಲ್ಲ. ಇಲ್ಲದಿದ್ದರೆ ಗಾಬರಿ ಬೇಡ, ಮುಂದಿನ ಹೆಜ್ಜೆಗೆ ಹೋಗಿ. ಮರುದಿನ ವೈಫೈ ಬಂತು, ಹೆಡ್‌ಫೋನ್ ಬರಲಿಲ್ಲ. ಬ್ಲೂಟೂತ್ ಅಡಿಯಲ್ಲಿಯೂ ಅದೇ ಟಿಕ್ ತೆಗೆದು ಒಂದು ರಾತ್ರಿ ಕಾದೆವು. ಆಗಲೂ ಬರಲಿಲ್ಲ. ಮೂರನೆಯ ದಿನ ಲ್ಯಾಪ್‌ಟಾಪ್ ತಯಾರಿಸಿದ ಕಂಪನಿಯ ಅಧಿಕೃತ ತಾಣದಿಂದಲೇ, ಅದೇ ಮಾದರಿಯ ಸಂಖ್ಯೆ ನೋಡಿ, ಹೊಸ ಬ್ಲೂಟೂತ್ ಡ್ರೈವರ್ ಹಾಕಿದೆವು. ಅಂದಿನಿಂದ ಎರಡೂ ಸರಿಯಾಗಿವೆ. ಹೊಸ ಡ್ರೈವರ್ ಹಾಕಿದ ಮೇಲೆಯೇ ತೊಂದರೆ ಶುರುವಾಗಿದ್ದರೆ ಅದೇ ಡಿವೈಸ್ ಮ್ಯಾನೇಜರಿನಲ್ಲಿ ರೋಲ್ ಬ್ಯಾಕ್ ಕೊಟ್ಟು ಹಳೆಯದಕ್ಕೆ ಮರಳಬಹುದು.

ನಾವು ಕೂತಿದ್ದ ಆ ಮನೆಯಿಂದ ಹೆಚ್ಚು ದೂರವಿಲ್ಲದ ಮಾರ್ಸ್‌ಫೀಲ್ಡಿನಲ್ಲಿ ಆಸ್ಟ್ರೇಲಿಯದ ಸರಕಾರಿ ವಿಜ್ಞಾನ ಸಂಸ್ಥೆ ಸಿಎಸ್‌ಐಆರ್‌ಒದ ರೇಡಿಯೊ ಪ್ರಯೋಗಾಲಯವಿದೆ. ಮನೆಯೊಳಗೆ ರೇಡಿಯೊ ಅಲೆಗಳು ಗೋಡೆ, ಕಪಾಟು, ಫ್ರಿಜ್‌ಗಳಿಗೆ ಬಡಿದು ಪ್ರತಿಧ್ವನಿಯಂತೆ ಮತ್ತೆ ಮತ್ತೆ ತಲುಪಿ ಕಲಸುಮೇಲೋಗರವಾಗುತ್ತವೆ. ಇದಕ್ಕೆ ಜಾನ್ ಒ’ಸಲಿವನ್ ಮತ್ತು ಸಂಗಡಿಗರು ಪರಿಹಾರ ಕಂಡುಕೊಂಡರು: ಮಾಹಿತಿಯನ್ನು ಅನೇಕ ತರಂಗಾಂತರಗಳಿಗೆ ಹಂಚಿ, ಒಂದೊಂದರಲ್ಲೂ ನಿಧಾನವಾಗಿ ಕಳುಹಿಸುವುದು. ಅದಕ್ಕೆ ಅಮೆರಿಕದ ಪೇಟೆಂಟ್ ಸಿಕ್ಕಿದ್ದು 1996ರಲ್ಲಿ. ವೈಫೈಗೆ ತಾಯ್ತಂದೆಯರು ಹಲವರಿದ್ದಾರೆ, ಆದರೆ ಈ ಪೇಟೆಂಟಿನಿಂದ ಸಂಸ್ಥೆಗೆ 43 ಕೋಟಿ ಆಸ್ಟ್ರೇಲಿಯನ್ ಡಾಲರಿಗೂ ಹೆಚ್ಚು ಬಂತೆಂದರೆ ಅದರ ಬೆಲೆ ತಿಳಿಯುತ್ತದೆ. ಒ’ಸಲಿವನ್ನರಿಗೆ 2009ರಲ್ಲಿ ಆಸ್ಟ್ರೇಲಿಯದ ಪ್ರಧಾನಮಂತ್ರಿಗಳ ವಿಜ್ಞಾನ ಪ್ರಶಸ್ತಿಯೂ ಸಂದಿತು. “ವೈಫೈ ಊರಲ್ಲೇ ವೈಫೈ ಇಲ್ಲ ಅಂತ ಅವತ್ತು ಅತ್ತುಬಿಟ್ಟಿದ್ದೆ” ಎಂದು ತಂಗಿ ನಕ್ಕಳು.

ಮೆಲ್ಬರ್ನ್: ತಪ್ಪು ಬೇರೆ ಕಡೆ

ಸಿಡ್ನಿಯಿಂದ ಮೆಲ್ಬರ್ನಿಗೆ ಹಗಲಿನ ರೈಲು ಹಿಡಿದೆವು, ಸುಮಾರು ಹನ್ನೊಂದು ತಾಸಿನ ದಾರಿ. ಮಗಳ ಕೋಣೆಯಲ್ಲೂ ಅದೇ ದೂರು: “ಅಪ್ಪಾ, ಮುಚ್ಚಳ ತೆಗೆದರೆ ಹೆಡ್‌ಫೋನ್ ಸಿಗಲ್ಲ, ಮೌಸ್ ತಡವರಿಸುತ್ತೆ.” ಸಿಡ್ನಿಯ ಮದ್ದನ್ನೇ ಇಲ್ಲಿಯೂ ಕೊಡೋಣವೆಂದು ಕೈ ಮುಂದೆ ಹೋಯಿತು. ಮೂರು ಪ್ರಶ್ನೆ ನೆನಪಾಗಿ ಕೈ ಹಿಂದೆ ಬಂತು.

ಅವಳ ವೈಫೈ ಸರಿಯಾಗಿತ್ತು. ಹೆಡ್‌ಫೋನ್ ಹುಡುಕಿದರೆ, ಲ್ಯಾಪ್‌ಟಾಪ್ ಮಲಗಿದ್ದಾಗ ಅದು ಚೀಲದಲ್ಲಿದ್ದ ಫೋನಿಗೆ ಅಂಟಿಕೊಂಡಿತ್ತು! ಫೋನಿನ ಬ್ಲೂಟೂತ್ ಆರಿಸಿದ ಕೂಡಲೇ ಲ್ಯಾಪ್‌ಟಾಪಿಗೆ ಬಂತು. ಹಾಗೂ ಬಾರದಿದ್ದರೆ ಸಾಧನಗಳ ಪಟ್ಟಿಯಿಂದ ಹೆಡ್‌ಫೋನನ್ನು ತೆಗೆದುಹಾಕಿ, ಮತ್ತೆ ಹೊಸದಾಗಿ ಜೋಡಿಸಬೇಕು.

ಮೌಸಿನ ಕಥೆಯೇ ಬೇರೆ. ಅದರ ಪುಟ್ಟ ರಿಸೀವರನ್ನು ಹೊರಗಿನ ಹಾರ್ಡ್ ಡಿಸ್ಕಿನ ಪಕ್ಕದ ಕಿಂಡಿಗೆ ಸಿಕ್ಕಿಸಿದ್ದಳು. ವೇಗದ ಯುಎಸ್‌ಬಿ 3 ಕೇಬಲ್ ಮತ್ತು ಕಿಂಡಿಗಳು ಹೊಮ್ಮಿಸುವ ಗದ್ದಲ 2.4 ಗಿಗಾಹರ್ಟ್ಸಿನ ಆಸುಪಾಸಿಗೆ ಬಂದು ಬೀಳುತ್ತದೆ. ಇಂಥ ಮೌಸುಗಳು, ಬ್ಲೂಟೂತ್, ವೈಫೈನ ಒಂದು ಭಾಗ, ಅಡುಗೆಮನೆಯ ಮೈಕ್ರೊವೇವ್, ಎಲ್ಲವೂ ಓಡಾಡುವುದು ಅದೇ ಬೀದಿಯಲ್ಲಿ. ರಿಸೀವರನ್ನು ಇನ್ನೊಂದು ಬದಿಯ ಕಿಂಡಿಗೆ ಹಾಕಿದೆವು, ಮೌಸ್ ಸರಿಯಾಯಿತು. ಡ್ರೈವರ್ ಮುಟ್ಟಬೇಕಾಗಿಯೇ ಬರಲಿಲ್ಲ.

ಮರುದಿನ ಮಗಳು ಸ್ಪಾಟ್ಸ್‌ವುಡ್ಡಿನ ಸೈನ್ಸ್‌ವರ್ಕ್ಸ್ ಸಂಗ್ರಹಾಲಯಕ್ಕೆ ಕರೆದೊಯ್ದಳು. ಅಲ್ಲಿ ಸಿಎಸ್‌ಐಆರ್‌ಎಸಿ ಎಂಬ ಕಂಪ್ಯೂಟರನ್ನು ಇಟ್ಟಿದ್ದಾರೆ. ಆಸ್ಟ್ರೇಲಿಯದ ಮೊದಲ ಕಂಪ್ಯೂಟರ್ ಅದು. ಟ್ರೆವರ್ ಪಿಯರ್ಸಿ, ಮ್ಯಾಸ್ಟನ್ ಬಿಯರ್ಡ್ ಮತ್ತು ಅವರ ಬಳಗ ಸಿಡ್ನಿಯ ರೇಡಿಯೊ ಪ್ರಯೋಗಾಲಯದಲ್ಲಿ ಕಟ್ಟಿ 1949ರಲ್ಲಿ ಓಡಿಸಿದ್ದು. ಮುಂದೆ ವೈಫೈ ಕೆಲಸ ನಡೆದದ್ದೂ ಅದೇ ಪ್ರಯೋಗಾಲಯದ ಪರಂಪರೆಯಲ್ಲಿ. 1955ರಲ್ಲಿ ಅದನ್ನು ಮೆಲ್ಬರ್ನ್ ವಿಶ್ವವಿದ್ಯಾಲಯಕ್ಕೆ ಸಾಗಿಸಿದರು, 1964ರವರೆಗೆ ದುಡಿಯಿತು. ಸುಮಾರು 2,000 ವಾಲ್ವುಗಳು, ಪಾದರಸದ ನಳಿಗೆಗಳ ನೆನಪು, ಕೋಣೆ ತುಂಬುವ ಕಪಾಟುಗಳು. ಟೆಲಿಫೋನ್ ಜಾಲದ ಮೂಲಕ ಜನ ಕುಳಿತಲ್ಲಿಗೇ ವಿಶ್ವಕೋಶದಂಥ ಮಾಹಿತಿ ಬರುವ ಕಾಲ ಬಂದೀತು ಎಂದು ಪಿಯರ್ಸಿ 1948ರಲ್ಲೇ ಬರೆದಿದ್ದರಂತೆ. ಆ ಕಪಾಟುಗಳ ಮುಂದೆ ನಿಂತು ಮಗಳ ಫೋನಿನಿಂದ ಅಮ್ಮನಿಗೆ ಕರೆ ಮಾಡಿದೆವು. “ಇದೆಂಥ ಕಬ್ಬಿಣದ ಕಪಾಟು ಮಗಾ, ನಿನ್ನ ಮುಖ ತೋರಿಸು” ಎಂದರು ಅಮ್ಮ.

ಮೇಜಿನ ಮೇಲೆ ಅಂಟಿಸುವ ಚೀಟಿ

ತಂಗಿಯ ಮನೆಯಲ್ಲಿ, ಮಗಳ ಕೋಣೆಯಲ್ಲಿ, ಇಲ್ಲಿ ನಮ್ಮ ಮನೆಯಲ್ಲಿ ಈಗ ಒಂದೇ ಚೀಟಿ ಅಂಟಿಸಿದ್ದೇವೆ. ನಿಮಗೂ ಬೇಕಾದೀತು.

1. ಮುಖ್ಯ ಕರೆಗೆ ಅರ್ಧ ತಾಸು ಮೊದಲೇ ರೀಸ್ಟಾರ್ಟ್ ಮಾಡಿ, ಚಾರ್ಜರ್ ಹಾಕಿಡಿ. ಕರೆ ಮುಗಿಯುವವರೆಗೆ ಮುಚ್ಚಳ ಮುಚ್ಚಬೇಡಿ.

2. ವೈಫೈ ಅಥವಾ ಬ್ಲೂಟೂತ್ ಬಾರದಿದ್ದರೆ ಏರ್‌ಪ್ಲೇನ್ ಮೋಡ್ ಒಮ್ಮೆ ಹಾಕಿ, ಹತ್ತು ಸೆಕೆಂಡಿನ ಬಳಿಕ ತೆಗೆಯಿರಿ. ಬಹಳ ಸಲ ಅಷ್ಟೇ ಸಾಕು.

3. ಹೆಡ್‌ಫೋನ್ ಮೊಂಡು ಹಿಡಿದರೆ ಬಿಟ್ಟುಬಿಡಿ. ತಂತಿಯ ಇಯರ್‌ಫೋನ್ ಒಂದು ಮೇಜಿನ ಖಾನೆಯಲ್ಲಿರಲಿ. ಅದಕ್ಕೆ ನಿದ್ದೆಯ ಕಾಟವಿಲ್ಲ.

4. ಕರೆಯ ಹೊತ್ತಿಗೆ ರಿಪೇರಿ ಬೇಡ. ಎರಡು ನಿಮಿಷದಲ್ಲಿ ಸರಿಹೋಗದಿದ್ದರೆ ಫೋನ್ ಎತ್ತಿಕೊಳ್ಳಿ.

5. ಹುಡುಕಿದಾಗ ಸಿಗುವ ಪುಕ್ಕಟೆ ‘ಡ್ರೈವರ್ ಸರಿಮಾಡುವ’ ತಂತ್ರಾಂಶಗಳನ್ನು ಹಾಕಬೇಡಿ. ಗುರುತಿಲ್ಲದ ಸಹಾಯವಾಣಿಯವರಿಗೆ ನಿಮ್ಮ ಲ್ಯಾಪ್‌ಟಾಪಿನೊಳಗೆ ಬರಲು ಬಿಡಬೇಡಿ. ಊರಿಗೆ ದುಡ್ಡು ಕಳುಹಿಸುವುದೂ ನಾವು ಅದರಿಂದಲೇ ತಾನೆ?

6. ಅಪ್ಪ ಅಮ್ಮನ ಔಷಧಗಳ ಹೆಸರು, ಪ್ರಮಾಣ, ಹೊತ್ತು, ಅಲರ್ಜಿಗಳನ್ನು ಒಂದು ಕಾಗದದಲ್ಲಿ ಬರೆದು, ಒಂದು ಪ್ರತಿ ಅವರ ದಿಂಬಿನ ಬಳಿ, ಒಂದು ಪಕ್ಕದ ಮನೆಯವರ ಬಳಿ, ಫೋಟೊ ಪ್ರತಿಯೊಬ್ಬ ಮಕ್ಕಳ ಫೋನಿನಲ್ಲಿ ಇಡಿ. ಮಾತ್ರೆ ಬದಲಾದ ದಿನವೇ ಕಾಗದವೂ ಬದಲಾಗಲಿ.

ಆರನೆಯದನ್ನು ಬರೆದದ್ದು ಫಾರ್ಮಸಿಸ್ಟರಾಗಿ, ಉಳಿದ ಐದನ್ನು ಪೆಟ್ಟು ತಿಂದವರಾಗಿ. ಲ್ಯಾಪ್‌ಟಾಪ್ ಸರಿಮಾಡಲು ಪುರುಸೊತ್ತಿಲ್ಲದವರು ಆರನೆಯದನ್ನಾದರೂ ಇವತ್ತು ರಾತ್ರಿ ಮಾಡಿ ಮಲಗಿ.