ರಬ್ಬರಿಗೆ ಗ್ರಾಫೈಟಿನ ಬಲ

ಸುಳ್ಯ, ಪುತ್ತೂರುಗಳ ಕಡೆಯ ರಬ್ಬರು ತೋಟಗಳಿಗೆ ಮುಂಜಾನೆ ಹೋದವರು, ಗೀರಿದ ತೊಗಟೆಯಿಂದ ಚಿಪ್ಪಿನೊಳಕ್ಕೆ ತೊಟ್ಟಿಕ್ಕುವ ಹಾಲನ್ನು ಕಂಡಿರಬಹುದು. ಅದು ಅಚ್ಚ ಬಿಳುಪು. ಹೆಪ್ಪುಗಟ್ಟಿಸಿ, ಒತ್ತಿ, ಹೊಗೆಯಲ್ಲಿ ಒಣಗಿಸಿದ ಹಾಳೆಯಾದರೋ ಜೇನಿನ ಬಣ್ಣದ್ದು. ಹೀಗಿರಲು ರಬ್ಬರಿನಿಂದಲೇ ಆದ ಟೈರು ಮಾತ್ರ ಕಾಡಿಗೆಯಂತೆ ಕಪ್ಪಾಗಿರುವುದೇಕೆ? ನಿತ್ಯವೂ ಕಣ್ಣಿಗೆ ಬೀಳುವ ಈ ಕಪ್ಪನ್ನು ಕುರಿತು ನಾವು ಯೋಚಿಸುವುದು ಅಪರೂಪ. ಆದರೆ ಟೈರಿಗೆ ಬಾಳಿಕೆಯನ್ನು ತಂದುಕೊಟ್ಟುದು ಅದೇ. ಇಂದು ವಿಜ್ಞಾನಿಗಳು ಸೀಸದ ಕಡ್ಡಿಯೊಳಗಿನ ಗ್ರಾಫೈಟಿನತ್ತ ತಿರುಗಿರುವುದೂ ಅದೇ ಕಪ್ಪಿನ ಜಾಡನ್ನು ಹಿಡಿದು.

ಮಸಿಯ ಮಹಿಮೆ

ಶುದ್ಧ ರಬ್ಬರು ಬಿಸಿಲಿಗೆ ಅಂಟಾಗುತ್ತದೆ, ಚಳಿಗೆ ಪೆಡಸಾಗುತ್ತದೆ. ೧೮೩೯ರಲ್ಲಿ ಅಮೆರಿಕದ ಚಾರ್ಲ್ಸ್ ಗುಡ್‌ಇಯರ್ ಎಂಬವನು ಗಂಧಕವನ್ನು ಬೆರೆಸಿ ಕಾಯಿಸಿ ಈ ದೋಷವನ್ನು ಕಳೆದನು. ರಬ್ಬರಿನ ಅಣುಗಳು ಸಾವಿರಾರು ಕೊಂಡಿಗಳುಳ್ಳ ಸರಪಳಿಗಳು. ಗಂಧಕವು ಅವನ್ನು ಅಲ್ಲಲ್ಲಿ ಬೆಸೆದು ಬಲೆಯಾಗಿಸುತ್ತದೆ. ಆದರೂ ರಸ್ತೆಯ ಉಜ್ಜುವಿಕೆಯನ್ನು ತಾಳುವಷ್ಟು ಗಟ್ಟಿತನ ಬರಲಿಲ್ಲ. ಮೊದಮೊದಲಿನ ಎಷ್ಟೋ ಟೈರುಗಳು ಸತುವಿನ ಆಕ್ಸೈಡು ಬೆರೆತು ಬೆಳ್ಳಗಿದ್ದುವು. ೧೯೦೪ರ ಸುಮಾರಿಗೆ ಇಂಗ್ಲೆಂಡಿನ ಸಿಲ್ವರ್‌ಟೌನಿನ ಕಾರ್ಖಾನೆಯಲ್ಲಿ ಇಂಗಾಲದ ಮಸಿಯನ್ನು ಬೆರೆಸಿ ನೋಡಿದಾಗ ರಬ್ಬರಿನ ಬಲ ಹೆಚ್ಚಿದುದು ಕಂಡುಬಂದಿತು. ಬಳಿಕ ಟೈರುಗಳು ಕಪ್ಪಾದುವು.

ಮಸಿ ಮಾಡುವ ಕೆಲಸವಾದರೂ ಏನು? ರಬ್ಬರನ್ನು ಎಳೆದಾಗ ಭಾರವೆಲ್ಲ ಕೆಲವೇ ಸರಪಳಿಗಳ ಮೇಲೆ ಬಿದ್ದರೆ ಅವು ಹರಿಯುತ್ತವೆ; ಅಲ್ಲಿ ಹುಟ್ಟಿದ ಬಿರುಕು ಬೆಳೆಯುತ್ತ ಹೋಗುತ್ತದೆ. ಮಸಿಯ ಕಣದ ಮೈಗೆ ಹಲವು ಸರಪಳಿಗಳು ಅಂಟಿಕೊಂಡಿದ್ದರೆ ಒಂದರ ಭಾರವನ್ನು ಉಳಿದವು ಹಂಚಿಕೊಳ್ಳುತ್ತವೆ. ಬಿರುಕು ಕೂಡ ಕಣವನ್ನು ಸುತ್ತಿ ಬಳಸಿ ಸಾಗಬೇಕಾಗುತ್ತದೆ. ಆದುದರಿಂದ ಇಲ್ಲಿ ಮುಖ್ಯವಾದುದು ಕಣದ ತೂಕಕ್ಕಿಂತ ಅದರ ಮೈಯ ವಿಸ್ತೀರ್ಣ. ಟೈರಿನಲ್ಲಿ ನೆಲಕ್ಕೆ ತಾಗುವ ಪದರದ ಮಸಿಯ ಕಣಗಳು ಸುಮಾರು ೨೦ರಿಂದ ೩೦ ನ್ಯಾನೋಮೀಟರು ಅಡ್ಡಳತೆಯವು. ನ್ಯಾನೋಮೀಟರೆಂದರೆ ಮೀಟರಿನ ನೂರು ಕೋಟಿಯಲ್ಲೊಂದು ಭಾಗ. ಇಂತಹ ಮಸಿಯ ಒಂದು ಗ್ರಾಮಿನ ಮೈಯನ್ನೆಲ್ಲ ಬಿಡಿಸಿ ಹಾಸಿದೆವೆನ್ನಿ. ಅದು ಸುಮಾರು ೮೦ ಚದರ ಮೀಟರು, ಎಂದರೆ ಒಂದು ಬ್ಯಾಡ್ಮಿಂಟನ್ ಅಂಗಣದಷ್ಟಾಗುತ್ತದೆ! ಆದರೂ ೧೦೦ ಭಾಗ ರಬ್ಬರಿಗೆ ೫೦ ಭಾಗದಷ್ಟು ಮಸಿ ಬೇಕಾಗುವುದುಂಟು.

ಪದರ ಬಿಡಿಸಿದ ಗ್ರಾಫೈಟು

ಮಸಿಯೂ ಇಂಗಾಲವೇ, ಗ್ರಾಫೈಟೂ ಇಂಗಾಲವೇ. ಆದರೆ ಗ್ರಾಫೈಟಿನಲ್ಲಿ ಪರಮಾಣುಗಳು ಜೇನುಗೂಡಿನ ಆರು ಮೂಲೆಯ ಕೋಣೆಗಳಂತೆ ಹೆಣೆದುಕೊಂಡು ಹಾಳೆಗಳಾಗಿವೆ. ಹಾಳೆಗಳು ವೀಳ್ಯದೆಲೆಯ ಕವಳೆಯಂತೆ ಒಂದರ ಮೇಲೊಂದು ಕುಳಿತಿವೆ. ಹಾಳೆಯೊಳಗಿನ ಬಂಧ ಬಲು ಗಟ್ಟಿ; ಹಾಳೆ ಹಾಳೆಗಳ ನಡುವಿನದು ಬಲು ಸಡಿಲ. ಸೀಸದ ಕಡ್ಡಿಯಿಂದ ಬರೆಯುವಾಗ ಕಾಗದಕ್ಕೆ ಹತ್ತುವುದು ಹೀಗೆ ಜಾರಿದ ಪದರಗಳೇ. ಒಂದು ಮಿಲಿಮೀಟರು ದಪ್ಪದ ಗ್ರಾಫೈಟಿನಲ್ಲಿ ಸುಮಾರು ೩೦ ಲಕ್ಷ ಹಾಳೆಗಳಿರುತ್ತವೆ.

೨೦೦೪ರಲ್ಲಿ ಮ್ಯಾಂಚೆಸ್ಟರಿನ ಆಂಡ್ರೆ ಗೈಮ್ ಮತ್ತು ಕಾನ್‌ಸ್ಟಂಟಿನ್ ನೊವೊಸೆಲೊವ್ ಎಂಬವರು ಅಂಟುಪಟ್ಟಿಯಿಂದ ಪದರಗಳನ್ನು ಕೀಳುತ್ತ ಕೀಳುತ್ತ ಒಂದೇ ಪರಮಾಣುವಿನ ದಪ್ಪದ ಹಾಳೆಯನ್ನು ಬೇರ್ಪಡಿಸಿ ಅದರ ಗುಣಗಳನ್ನು ಅಳೆದರು. ಇದೇ ಗ್ರಾಫೀನ್. ೨೦೧೦ರಲ್ಲಿ ಅವರಿಗೆ ಭೌತವಿಜ್ಞಾನದ ನೊಬೆಲ್ ಬಹುಮಾನ ಸಂದಿತು. ಈ ಹಾಳೆಯ ಬಿಗಿತ ಉಕ್ಕಿನದಕ್ಕಿಂತ ಸುಮಾರು ಐದು ಪಟ್ಟು. ಒಂದು ಗ್ರಾಂ ಗ್ರಾಫೀನನ್ನು ಒಂಟಿ ಹಾಳೆಗಳಾಗಿ ಪೂರ್ತಿ ಬಿಡಿಸಿದರೆ ಎರಡೂ ಬದಿ ಸೇರಿ ೨,೬೩೦ ಚದರ ಮೀಟರು ಎಂದು ಲೆಕ್ಕ ಹೇಳುತ್ತದೆ. ಒಂದು ಅಂಗಣದ ಸ್ಥಾನದಲ್ಲಿ ಮೂವತ್ತೆರಡು ಅಂಗಣಗಳು! ಮಸಿ ಹಿಡಿ ತುಂಬ ಬೇಕಾದಲ್ಲಿ ಇದು ಚಿಟಿಕೆಯಷ್ಟು ಸಾಕಾಗಬಹುದೆಂಬ ಆಸೆ ಹುಟ್ಟಿದ್ದು ಇಲ್ಲಿಯೇ.

ಬೆರಸುವುದೇ ಕಷ್ಟ

ಆದರೆ ಆಸೆಗೂ ಅನುಭವಕ್ಕೂ ನಡುವೆ ದೊಡ್ಡ ಅಂತರವಿದೆ. ರಾಗಿ ಮುದ್ದೆ ಮಾಡುವವರನ್ನು ಕೇಳಿ ನೋಡಿ: ಹಿಟ್ಟು ಒಳ್ಳೆಯದಾದರೆ ಸಾಲದು, ಗಂಟು ಕಟ್ಟದಂತೆ ತಿರುವಬೇಕು. ಗ್ರಾಫೀನ್ ಹಾಳೆಗಳೂ ಗಂಟು ಕಟ್ಟುತ್ತವೆ. ಬಿಡಿಸಿದ ಹಾಳೆಗಳು ಮತ್ತೆ ಒಂದಕ್ಕೊಂದು ಅಂಟಿ ಹಳೆಯ ಗ್ರಾಫೈಟಿನಂತೆಯೇ ಆಗಿಬಿಡುತ್ತವೆ. ಗಂಟು ಉಳಿದ ಕಡೆ ರಬ್ಬರಿಗೆ ಬಲ ಬರುವುದಿಲ್ಲ. ಬಿರುಕು ಅಲ್ಲಿಂದಲೇ ಹೊರಡುತ್ತದೆ.

ಇದಕ್ಕೊಂದು ಪರಿಹಾರ ಹಳೆಯ ರಸಾಯನಶಾಸ್ತ್ರದಲ್ಲೇ ಇತ್ತು. ೧೮೫೯ರಲ್ಲಿ ಇಂಗ್ಲೆಂಡಿನ ಬೆಂಜಮಿನ್ ಬ್ರಾಡಿ ಗ್ರಾಫೈಟನ್ನು ಉತ್ಕರ್ಷಿಸಿ ಗ್ರಾಫೈಟ್ ಆಕ್ಸೈಡನ್ನು ಪಡೆದಿದ್ದನು. ೧೯೫೮ರಲ್ಲಿ ಹಮ್ಮರ್ಸ್ ಮತ್ತು ಆಫ್‌ಮನ್ ಎಂಬವರು ಗಂಧಕಾಮ್ಲ, ಪೊಟ್ಯಾಸಿಯಂ ಪರ್ಮಾಂಗನೇಟುಗಳನ್ನು ಬಳಸಿ ಅದನ್ನು ಹೆಚ್ಚು ಬೇಗ ತಯಾರಿಸುವ ಕ್ರಮವನ್ನು ತೋರಿಸಿದರು. ಆಮ್ಲಜನಕ ಸೇರಿದ ಈ ಹಾಳೆಗಳು ನೀರಿನಲ್ಲಿ ಬಿಡಿಬಿಡಿಯಾಗಿ ತೇಲುತ್ತವೆ. ರಬ್ಬರಿನ ಹಾಲೂ ನೀರಿನಲ್ಲಿ ಹರಡಿದ ರಬ್ಬರಿನ ಹನಿಗಳಷ್ಟೆ. ಎರಡನ್ನೂ ಬೆರೆಸಿ ಹೆಪ್ಪುಗಟ್ಟಿಸಿದರೆ ಹಾಳೆಗಳು ರಬ್ಬರಿನ ಹನಿಗಳ ನಡುವೆ ಹರಡಿಕೊಂಡು ಉಳಿಯುತ್ತವೆ. ಗಟ್ಟಿ ರಬ್ಬರಿಗೆ ಒಣ ಹುಡಿಯನ್ನು ಅರೆಯುವುದಕ್ಕಿಂತ ಇದು ಮೇಲಾದ ದಾರಿ.

ಲಾಭಗಳು, ಎಚ್ಚರಗಳು

ಚೆನ್ನಾಗಿ ಹರಡಿದ ಹಾಳೆಗಳಿಂದ ಬಲವಲ್ಲದೆ ಬೇರೆ ಗುಣಗಳೂ ದೊರೆಯುತ್ತವೆ. ಸೈಕಲ್ಲಿನ ಟ್ಯೂಬು ತೂತಿಲ್ಲದಿದ್ದರೂ ದಿನಗಳೆದಂತೆ ಸಡಿಲವಾಗುವುದನ್ನು ನಾವೆಲ್ಲ ಕಂಡಿದ್ದೇವೆ. ಗಾಳಿಯ ಅಣುಗಳು ರಬ್ಬರಿನೊಳಗಿಂದಲೇ ನುಸುಳಿ ಹೋಗುತ್ತವೆ. ಗ್ರಾಫೀನ್ ಹಾಳೆಯನ್ನು ಹೀಲಿಯಂ ಕೂಡ ದಾಟಲಾರದಾದುದರಿಂದ, ಅಡ್ಡಡ್ಡ ಮಲಗಿದ ಹಾಳೆಗಳ ನಡುವೆ ಗಾಳಿ ಸುತ್ತಿ ಸುತ್ತಿ ಹೋಗಬೇಕಾಗುತ್ತದೆ. ಹಾಳೆಗಳು ಒಂದನ್ನೊಂದು ತಾಗುವಷ್ಟಾದಾಗ ರಬ್ಬರಿನಲ್ಲಿ ವಿದ್ಯುತ್ತೂ ಹರಿಯುತ್ತದೆ. ಎಳೆದಾಗ ಹಾಳೆಗಳು ದೂರ ಸರಿದು ವಿದ್ಯುತ್ತಿಗೆ ತಡೆ ಹೆಚ್ಚುತ್ತದೆ. ೨೦೧೪ರಲ್ಲಿ ಡಬ್ಲಿನ್ ಮತ್ತು ಸರೆಯ ವಿಜ್ಞಾನಿಗಳು ಅಂಗಡಿಯ ಸಾಮಾನ್ಯ ರಬ್ಬರ್ ಬ್ಯಾಂಡುಗಳಿಗೆ ಗ್ರಾಫೀನ್ ತುಂಬಿಸಿ, ಉಸಿರಾಟ ಮತ್ತು ನಾಡಿಯ ಬಡಿತಗಳನ್ನು ಗುರುತಿಸಿ ತೋರಿಸಿದರು.

ಇಟಲಿಯ ವಿಟ್ಟೋರಿಯಾ ಸಂಸ್ಥೆಯ ಸೈಕಲ್ ಟೈರುಗಳಲ್ಲಿ ಗ್ರಾಫೀನ್ ಈಗಾಗಲೇ ಸೇರಿದೆ. ಆದರೂ ಮಸಿ ತನ್ನ ಸ್ಥಾನವನ್ನು ಬಿಟ್ಟುಕೊಟ್ಟಿಲ್ಲ. ಮಸಿ ಅಗ್ಗ, ಬೇಕಾದಷ್ಟು ಸಿಗುತ್ತದೆ. ಒಳ್ಳೆಯ ಗ್ರಾಫೀನ್ ದುಬಾರಿ. ಅದನ್ನು ತಯಾರಿಸುವಾಗ ಉಳಿಯುವ ಆಮ್ಲವನ್ನು ನಿರುಪದ್ರವಿಯಾಗಿಸಬೇಕು. ನುಣ್ಣನೆಯ ಹುಡಿ ಕೆಲಸಗಾರರ ಶ್ವಾಸಕೋಶಕ್ಕೆ ಸೇರದಂತೆ ಕಾಪಾಡಬೇಕು. ಇವನ್ನೆಲ್ಲ ಲೆಕ್ಕಕ್ಕೆ ಹಿಡಿದ ಮೇಲೆಯೇ ಲಾಭ ನಷ್ಟಗಳ ಮಾತು.

ಮಣಭಾರದ ಲಾರಿಯಾಗಲಿ, ಶಾಲೆಗೆ ಮಕ್ಕಳನ್ನು ಕರೆದೊಯ್ಯುವ ಬಸ್ಸಾಗಲಿ, ಅದರ ಸುರಕ್ಷತೆ ಅಂಗೈಯಗಲದ ರಬ್ಬರು ನೆಲವನ್ನು ಹಿಡಿದಿರುವುದರ ಮೇಲೆ ನಿಂತಿದೆ. ಆ ರಬ್ಬರಿನ ಬಲ, ಅದರೊಳಗೆ ಹರಡಿರುವ ಇಂಗಾಲ ಎಷ್ಟು ಸಮನಾಗಿ ಬೆರೆತಿದೆ ಎಂಬುದರ ಮೇಲೆ ನಿಂತಿದೆ. ಮುಂದೆ ಈ ವಿದ್ಯೆಯನ್ನು ಕಲಿಯಲಿರುವ ತರುಣರಿಗೆ ಇಲ್ಲಿ ಮಾಡಬೇಕಾದ ಕೆಲಸ ಇನ್ನೂ ಬಹಳವಿದೆ.