ಗೂನುಬೆನ್ನಿನ ಮಹಶೀರ್

ರಾಗಿಹಿಟ್ಟನ್ನು ಗಟ್ಟಿಯಾಗಿ ಕಲಸಿ, ಒಂದಿಷ್ಟು ಮಸಾಲೆ ಸೇರಿಸಿ, ನಿಂಬೆಹಣ್ಣಿನ ಗಾತ್ರದ ಉಂಡೆ ಕಟ್ಟಿ, ಬೇಯಿಸಿ, ಗಾಳಕ್ಕೆ ಸಿಕ್ಕಿಸಬೇಕು. ಭೀಮೇಶ್ವರಿ, ಗಾಳಿಬೋರೆಯ ಕಡೆ ಕಾವೇರಿಯಲ್ಲಿ ಮಹಶೀರ್ ಹಿಡಿಯಲು ಬರುತ್ತಿದ್ದ ವಿದೇಶಿ ಗಾಳಗಾರರು ಹೆಚ್ಚು ನೆಚ್ಚಿಕೊಂಡಿದ್ದು ಈ ರಾಗಿ ಉಂಡೆಯನ್ನೇ. ಇಲ್ಲವೆಂದರೆ ಏಡಿಯೂ ಆದೀತು, ಸಣ್ಣ ಮೀನೂ ಆದೀತು. ಈ ಮೀನಿಗೆ ಊಟದಲ್ಲಿ ಮಡಿ ಮೈಲಿಗೆ ಇಲ್ಲ. ದಡದ ಮರಗಳಿಂದ ಉದುರಿದ ಹಣ್ಣು, ಬಂಡೆಯ ಪಾಚಿ, ಹುಳು, ಬಸವನಹುಳು, ಕಪ್ಪೆಚಿಪ್ಪು, ಎಲ್ಲವೂ ಒಳಗೆ ಹೋಗುತ್ತವೆ.

ಸೋಜಿಗವೆಂದರೆ ಅದರ ಬಾಯಿ ಬೊಚ್ಚು. ದವಡೆಯ ಮೇಲೆ ಒಂದೇ ಒಂದು ಹಲ್ಲಿಲ್ಲ. ದಪ್ಪ ತುಟಿ, ತುಟಿಯಂಚಿನಲ್ಲಿ ಎರಡು ಜೊತೆ ಮೀಸೆ, ಅಷ್ಟೇ. ಹಲ್ಲುಗಳಿರುವುದು ಗಂಟಲಲ್ಲಿ. ಕಿವಿರಿನ ಹಿಂದಿನ ಕಮಾನಿನಂಥ ಮೂಳೆಯ ಮೇಲೆ ಎಡಬಲ ಎರಡೂ ಕಡೆ ಮೂರು ಮೂರು ಸಾಲು: ಒಂದರಲ್ಲಿ ಐದು, ಇನ್ನೊಂದರಲ್ಲಿ ಮೂರು, ಮತ್ತೊಂದರಲ್ಲಿ ಎರಡು. ಸಿಕ್ಕಿದ್ದನ್ನು ಮೊದಲು ನೀರಿನ ಸಮೇತ ಒಳಗೆಳೆದುಕೊಳ್ಳುತ್ತದೆ. ಆಮೇಲೆ ಈ ಹಲ್ಲುಗಳು ತಲೆಬುರುಡೆಯ ತಳದ ಗಡುಸು ಭಾಗಕ್ಕೆ ಒತ್ತಿ, ಒರಳಲ್ಲಿ ಗುಂಡು ತಿರುಗಿದ ಹಾಗೆ, ಏಡಿಯ ಚಿಪ್ಪನ್ನೂ ಪುಡಿ ಮಾಡುತ್ತವೆ. ಗಟ್ಟಿ ಗಾಳ ಕೂಡ ಅಪ್ಪಚ್ಚಿಯಾಗಿ ಹೊರಬಂದ ಕಥೆಗಳನ್ನು ಗಾಳಗಾರರು ಹೇಳುತ್ತಾರೆ. ಗಾಳಗಾರರ ಕಥೆಗಳಿಗೆ ಒಂದಷ್ಟು ವಟ್ಟ ಕಳೆಯಬೇಕು, ನಿಜ. ಆದರೂ ಆ ಹಲ್ಲುಗಳನ್ನು ನೋಡಿದವರು ಪೂರ್ತಿ ತಳ್ಳಿಹಾಕಲಾರರು.

ಮಹಶೀರ್ ಅನ್ನುವುದು ಒಂದೇ ಮೀನಿನ ಹೆಸರಲ್ಲ. ಹಿಮಾಲಯದ ನದಿಗಳಲ್ಲಿ ಬಂಗಾರದ ಮಹಶೀರ್ ಇದೆ, ಕೃಷ್ಣಾ ಕಣಿವೆಯಲ್ಲಿ ನೀಲಿ ರೆಕ್ಕೆಯದಿದೆ. ಕಾವೇರಿ ಮತ್ತು ಅದರ ಉಪನದಿಗಳಲ್ಲಿ ಮಾತ್ರ ಇರುವುದು ಗೂನುಬೆನ್ನಿನದು. ಬೆನ್ನುರೆಕ್ಕೆಗೆ ಮುಂಚೆ ಎದ್ದು ನಿಂತ ಡುಬ್ಬ, ಕಿತ್ತಳೆ ಕೆಂಪಿನ ರೆಕ್ಕೆಗಳು, ಮೈತುಂಬ ದೊಡ್ಡ ದೊಡ್ಡ ಹುರುಪೆ. ಕಿವಿರಿನಿಂದ ಬಾಲದ ಬುಡದವರೆಗೆ ಎಣಿಸಿದರೂ ಹುರುಪೆ ಮೂವತ್ತು ದಾಟುವುದು ಅಪರೂಪ. ಗಾತ್ರದಲ್ಲಿ ಇದನ್ನು ಮೀರಿಸಿದ ಮಹಶೀರ್ ಇನ್ನೊಂದಿಲ್ಲ. ಸತ್ತ ಹುಲಿ, ಚಿರತೆಗಳ ತೊಗಲಿಗೆ ಜೀವಕಳೆ ಕೊಡುವುದರಲ್ಲಿ ಹೆಸರಾಗಿದ್ದ ಮೈಸೂರಿನ ವ್ಯಾನ್ ಇಂಗೆನ್ ಮನೆತನದವರೊಬ್ಬರು 1946ರಲ್ಲಿ ಕಬಿನಿಯಲ್ಲಿ ಹಿಡಿದ ಮೀನು 120 ಪೌಂಡ್ ತೂಗಿತ್ತು. ಈಗಿನ ಲೆಕ್ಕದಲ್ಲಿ 54 ಕಿಲೋ. ಗಾಳಕ್ಕೆ ಬಿದ್ದ ಮಹಶೀರ್‌ಗಳಲ್ಲಿ ಅದು ದಾಖಲೆಯಾಯಿತು.

ಇಷ್ಟು ದೊಡ್ಡ ಮೀನಿಗೆ ವಿಜ್ಞಾನಿಗಳು ಸರಿಯಾದ ಹೆಸರಿಟ್ಟಿದ್ದು ತೀರಾ ಈಚೆಗೆ ಎಂದರೆ ನಂಬುವುದು ಕಷ್ಟ. 1839ರಲ್ಲಿ ಕರ್ನಲ್ ಸೈಕ್ಸ್ ಕೃಷ್ಣಾ ಕಣಿವೆಯ ಒಂದು ಮೀನಿಗೆ ಕೊಟ್ಟಿದ್ದ ಹೆಸರನ್ನೇ ಬಹುಕಾಲ ಇದಕ್ಕೂ ಅಂಟಿಸಿದ್ದರು. ಆ ಮೀನು ಮಹಶೀರ್ ಕುಲದ್ದೇ ಅಲ್ಲ ಎಂದು ಆಮೇಲೆ ತಿಳಿಯಿತು; ಕಾವೇರಿಯ ದೈತ್ಯ ಮತ್ತೆ ಅನಾಮಿಕವಾಯಿತು. ಇತ್ತ 2007ರಲ್ಲಿ, ಕೇರಳದ ಚಿನ್ನಾರ್ ಕಾಡಿನಲ್ಲಿ ಹರಿಯುವ ಪಾಂಬಾರ್ ಎಂಬ ಹೊಳೆಯಲ್ಲಿ ಸಿಕ್ಕ ಎಳೆಯ ಮೀನುಗಳನ್ನು ಹೊಸ ಪ್ರಭೇದವೆಂದು ಗುರುತಿಸಿ, ಮತ್ಸ್ಯವಿಜ್ಞಾನಿ ಕೆ. ರೇಮಾದೇವಿ ಅವರ ಗೌರವಾರ್ಥ ಟಾರ್ ರೇಮಾದೇವಿ ಎಂದು ಕರೆದಿದ್ದರು. ಪಾಂಬಾರ್ ಕೂಡ ಕೊನೆಗೆ ಕಾವೇರಿಯನ್ನೇ ಸೇರುತ್ತದೆ. ಆದರೆ ಆ ಸಣ್ಣ ಮೀನುಗಳಿಗೂ ಕಬಿನಿಯ 54 ಕಿಲೋದ ದೈತ್ಯನಿಗೂ ಯಾರೂ ನಂಟು ಕಟ್ಟಿರಲಿಲ್ಲ. ಮೋಯಾರ್ ನದಿಯಲ್ಲಿ ಸಿಕ್ಕ ಗೂನುಬೆನ್ನಿನ ಮೀನುಗಳ ದೇಹರಚನೆ ಮತ್ತು ಡಿಎನ್‌ಎ ಎರಡನ್ನೂ ಹೋಲಿಸಿ, ಎರಡೂ ಒಂದೇ ಎಂದು ವಿಜ್ಞಾನಿಗಳು ಪ್ರಕಟಿಸಿದ್ದು 2018ರಲ್ಲಿ. ಅದೇ ವರ್ಷ ಅಂತರರಾಷ್ಟ್ರೀಯ ನಿಸರ್ಗ ಸಂರಕ್ಷಣಾ ಒಕ್ಕೂಟದ (ಐಯುಸಿಎನ್) ಕೆಂಪು ಪಟ್ಟಿಯಲ್ಲಿ ಇದಕ್ಕೆ ಸ್ಥಾನ ಸಿಕ್ಕಿತು, ಅದೂ ಅಳಿವಿನ ತೀರಾ ಅಂಚಿನಲ್ಲಿರುವ ಜೀವಿಗಳ ಸಾಲಿನಲ್ಲಿ.

ಹೆಸರಿಲ್ಲದಿದ್ದರೆ ಮೀನಿಗೇನು ನಷ್ಟ ಎಂದು ಕೇಳಬಹುದು. ಈ ಮೀನಿನ ಮಟ್ಟಿಗೆ ನಷ್ಟ ದೊಡ್ಡದೇ ಆಯಿತು. ಹೇಗೆಂದು ತಿಳಿಯಲು ಮೊದಲು ಅದರ ಬದುಕಿನ ರೀತಿ ನೋಡಬೇಕು.

ಮಹಶೀರ್‌ಗೆ ಹರಿಯುವ ನೀರು ಬೇಕು. ಬೇಸಿಗೆಯಲ್ಲಿ ಬಂಡೆಗಳ ನಡುವಿನ ಆಳದ ಮಡುಗಳಲ್ಲಿ ಉಳಿದು, ಮಳೆಗಾಲದಲ್ಲಿ ಹೊಳೆ ತುಂಬಿದಾಗ ಮೇಲಕ್ಕೆ ಹತ್ತಿ, ಸಣ್ಣ ಕಲ್ಲುಗಳ ಹಾಸಿನ ಮೇಲೆ ಮೊಟ್ಟೆಯಿಡುತ್ತದೆ. ಕಾಟ್ಲಾ, ರೋಹುಗಳಂತೆ ಲಕ್ಷಗಟ್ಟಲೆ ಮೊಟ್ಟೆ ಚೆಲ್ಲುವ ಪೈಕಿ ಅಲ್ಲ. ಮಹಶೀರ್‌ಗಳ ಮೊಟ್ಟೆ ಎಣಿಕೆಯಲ್ಲಿ ಕಡಿಮೆ, ಗಾತ್ರದಲ್ಲಿ ದೊಡ್ಡದು; ಅದು ತಳಕ್ಕಿಳಿದು ಕಲ್ಲುಗಳ ಸಂದಿಯಲ್ಲಿ ಕೂರುತ್ತದೆ. ಮೂರು ನಾಲ್ಕು ದಿನಕ್ಕೆ ಹೊರಬರುವ ಮರಿ, ಹೊಟ್ಟೆಗೆ ಅಂಟಿದ ಭಂಡಾರ ಕರಗುವ ತನಕ ಕತ್ತಲೆಯ ಸಂದಿಗೆ ತಲೆ ತೂರಿಸಿಕೊಂಡು ಬಿದ್ದಿರುತ್ತದೆ. ಆ ದಿನಗಳಲ್ಲಿ ಕಲ್ಲುಗಳ ಮೇಲೆ ಹೂಳು ಕೂತರೆ ಉಸಿರುಗಟ್ಟುತ್ತದೆ. ಅಣೆಕಟ್ಟಿನ ನೀರು ಬೆಳಗ್ಗೆ ಏರಿ ಸಂಜೆ ಇಳಿದರೆ ಒಣಗುತ್ತದೆ. ಮರಳು ತೆಗೆಯುವವರು ಮೊಟ್ಟೆಯ ಹಾಸನ್ನೇ ಲಾರಿಗೆ ತುಂಬುತ್ತಾರೆ. ಇನ್ನು ತೋಟೆ ಹೊಡೆಯುವವರಿಗೆ ಮಡುವಿನಲ್ಲಿ ಗುಂಪುಗೂಡಿದ ದೊಡ್ಡ ಮೀನಿಗಿಂತ ಸುಲಭದ ಬೇಟೆ ಬೇರೆ ಇಲ್ಲ.

1970ರ ದಶಕದಲ್ಲಿ ಮಹಶೀರ್ ಕಡಿಮೆಯಾಗುತ್ತಿದೆ ಎಂಬ ಆತಂಕ ಎಲ್ಲೆಡೆ ಇತ್ತು. ಮಹಾರಾಷ್ಟ್ರದ ಲೋಣಾವಳದಲ್ಲಿ ಟಾಟಾ ವಿದ್ಯುತ್ ಕಂಪನಿಯವರು ನೀಲಿ ರೆಕ್ಕೆಯ ಮಹಶೀರ್‌ನ ಮರಿ ಮಾಡಿಸುವ ವಿದ್ಯೆಯನ್ನು ಚೆನ್ನಾಗಿ ಕರಗತ ಮಾಡಿಕೊಂಡಿದ್ದರು. ಆ ಮರಿಗಳನ್ನು ದೇಶದ ಅನೇಕ ಕಡೆ ನೀರಿಗೆ ಬಿಟ್ಟಂತೆ ಕಾವೇರಿಗೂ ಬಿಟ್ಟರು. ಉದ್ದೇಶ ಒಳ್ಳೆಯದೇ. ಆದರೆ ಮಹಶೀರ್ ಎಂದರೆ ಎಲ್ಲ ಒಂದೇ ಎಂಬ ಲೆಕ್ಕದಲ್ಲಿ ನಡೆದ ಕೆಲಸ ಅದು. ಕೃಷ್ಣೆಯ ಮೀನು ಕಾವೇರಿಗೆ ಬಂದು ನೆಲೆಯೂರಿತು, ಬೇಗ ಬೇಗ ಹೆಚ್ಚಿತು.

ಆಮೇಲೆ ಏನಾಯಿತೆಂದು ಗೊತ್ತಾಗಿದ್ದು ಗಾಳಗಾರರ ದಿನಚರಿ ಪುಸ್ತಕಗಳಿಂದ. ಕಾವೇರಿ ದಡದ ಶಿಬಿರಗಳಲ್ಲಿ ಹಿಡಿದ ಮೀನನ್ನು ತೂಗಿ, ಬರೆದಿಟ್ಟು, ಮತ್ತೆ ನೀರಿಗೆ ಬಿಡುವ ಪದ್ಧತಿ ಇತ್ತು. ಹಿಂದೆ ಕಳ್ಳತನದಿಂದ ಮೀನು ಹಿಡಿಯುತ್ತಿದ್ದ ಕೆಲವರೇ ಅಲ್ಲಿ ಕಾವಲುಗಾರರೂ ಮಾರ್ಗದರ್ಶಕರೂ ಆಗಿದ್ದರು. 1998ರಿಂದ 2012ರವರೆಗಿನ ಈ ಪುಸ್ತಕಗಳಲ್ಲಿ 6,000ಕ್ಕೂ ಹೆಚ್ಚು ಮೀನುಗಳ ಲೆಕ್ಕವಿದೆ. ನೀಲಿ ರೆಕ್ಕೆಯವು ವರ್ಷದಿಂದ ವರ್ಷಕ್ಕೆ ಹೆಚ್ಚು ಸಿಕ್ಕವು, ಸರಾಸರಿ ತೂಕ ಇಳಿಯಿತು. ಅಂದರೆ ಮರಿಗಳು ಬರುತ್ತಿವೆ ಎಂದರ್ಥ. ಗೂನುಬೆನ್ನಿನವು ಕಡಿಮೆಯಾಗುತ್ತ ಹೋದವು, ಸರಾಸರಿ ತೂಕ ಮಾತ್ರ ಏರಿತು. ಗಾಳಗಾರನಿಗೆ ಇದು ಸಂತೋಷದ ಸುದ್ದಿಯಾಗಿ ಕಂಡಿರಬಹುದು. ಅಸಲಿಗೆ ಅದು ಮಕ್ಕಳಿಲ್ಲದ ಊರಿನ ಜನಗಣತಿ: ಮುದುಕರಷ್ಟೇ ಉಳಿದಿದ್ದಾರೆ, ಹೊಸ ತಲೆಮಾರು ಇಲ್ಲ. ಇದರ ಅಷ್ಟೂ ಪಾಪವನ್ನು ಪರನದಿಯ ಮೀನಿನ ತಲೆಗೆ ಕಟ್ಟುವುದು ನ್ಯಾಯವಲ್ಲ. ಅಣೆಕಟ್ಟು, ಮರಳು, ತೋಟೆ ಮೊದಲೇ ಇದ್ದವು. ಆದರೆ ಇದ್ದ ಸ್ವಲ್ಪ ಜಾಗಕ್ಕೂ ಪೈಪೋಟಿ ತಂದಿಟ್ಟೆವು. ನೀಲಿ ರೆಕ್ಕೆಯದು ಈಗ ಕೆಂಪು ಪಟ್ಟಿಯಲ್ಲಿ ಆತಂಕವಿಲ್ಲದ ಮೀನು.

2012ರಲ್ಲಿ ಕಾವೇರಿ ವನ್ಯಧಾಮದ ಒಳಗೆ ಗಾಳ ಹಾಕುವುದು ನಿಂತಿತು. ಕಾನೂನಿನ ದೃಷ್ಟಿಯಿಂದ ಅದು ಸರಿಯಿರಬಹುದು. ಆದರೆ ಗಾಳದ ಜೊತೆಗೆ ಮೀನು ತೂಗಿ ಬರೆಯುವ ಪುಸ್ತಕವೂ ಮುಚ್ಚಿತು, ದಡದಲ್ಲಿ ಓಡಾಡುತ್ತಿದ್ದ ಕಾವಲಿನ ಕಣ್ಣುಗಳೂ ಕಡಿಮೆಯಾದವು. ಹಿಡಿದು ಬಿಡುವ ಗಾಳಕ್ಕಿಂತ ರಾತ್ರಿ ಸಿಡಿಯುವ ತೋಟೆ ದೊಡ್ಡ ಶತ್ರು ಎಂಬುದು ನನ್ನ ಅನಿಸಿಕೆ. ತಿಳಿದವರು ಈಗ ಹೆಚ್ಚು ನಂಬಿಕೊಂಡಿರುವುದು ಮೋಯಾರ್ ನದಿಯನ್ನು. ಕಾಡಿನ ನಡುವಿನ ಆ ಕಂದರದಲ್ಲಿ ಗೂನುಬೆನ್ನಿನ ಮೀನು ಇನ್ನೂ ಉಳಿದಿದೆ. ಕಾವೇರಿಗೆ ಮತ್ತೆ ಮರಿ ಬಿಡುವುದಾದರೆ ಈ ಮೀನಿನದೇ ಮರಿ ಬೇಕು. ಅದಕ್ಕೆ ಬಲಿತ ಗಂಡು ಹೆಣ್ಣುಗಳನ್ನು ಇದೇ ನೀರಿನಲ್ಲಿ ಹುಡುಕಬೇಕು. ಲೋಣಾವಳದಿಂದ ತರಿಸಿಕೊಳ್ಳುವ ದಾರಿ ಇದಕ್ಕಿಲ್ಲ.